ಖತರ್ನಾಕ್ ಅನ್ನೋದು ಲುಕ್ ಅಲ್ಲ

‘ಖತರ್ನಾಕ್ ಲುಕ್‌ನಲ್ಲಿ ವಿಲನ್!’ ಸ್ಪೈ ಸಿನಿಮಾದ ಪೋಸ್ಟರ್ ಬಂದರೆ ಸಾಕು, ಇದೇ ಸಾಲು. ಈ ವಾರ ಮತ್ತೆ ಕಣ್ಣಿಗೆ ಬಿತ್ತು. ಕೆನ್ನೆ ಮೇಲೆ ಗಾಯದ ಗುರುತು, ಬಾಯಲ್ಲಿ ಸಿಗಾರ್, ಕೈಯಲ್ಲಿ ಗನ್. ಇಷ್ಟಕ್ಕೇ ಖತರ್ನಾಕ್ ಅಂದುಬಿಟ್ಟರೆ ಹೇಗೆ?

ಖತರ್ ಅರಬ್ಬಿ ಮೂಲದ ಪದ, ಅಪಾಯ ಅಂತ ಅರ್ಥ. ನಾಕ್ ಪಾರ್ಸಿಯ ಪ್ರತ್ಯಯ. ಹಿಂದಿಯಲ್ಲಿ ಮೂಗಿಗೆ ಅನ್ನುವ ‘ನಾಕ್’ಗೂ ಇದಕ್ಕೂ ಸಂಬಂಧವಿಲ್ಲ. ‘ತುಂಬಿರುವ’ ಅನ್ನೋದು ಅದರ ಅರ್ಥ. ದರ್ದ್‌ನಾಕ್ ಅಂದರೆ ನೋವು ತುಂಬಿದ್ದು, ಖೌಫ್‌ನಾಕ್ ಅಂದರೆ ಭಯ ತುಂಬಿದ್ದು. ಹಾಗೇ ಖತರ್ನಾಕ್ ಮನುಷ್ಯ ಅಂದರೆ ಒಳಗೆ ಅಪಾಯ ತುಂಬಿಕೊಂಡವನು. ಕನ್ನಡಕ್ಕೆ ಬಂದ ಮೇಲೆ ಐಡಿಯಾ, ಡಾನ್ಸ್, ಸಿಕ್ಸರ್ ಎಲ್ಲವೂ ಖತರ್ನಾಕ್ ಆದವು. ಇರಲಿ, ಆಡುಮಾತಿನಲ್ಲಿ ಹಾಗಾಗುತ್ತದೆ. ವಿಲನ್ ಬಗ್ಗೆ ಬರೆಯುವಾಗಲಾದರೂ ಆ ‘ತುಂಬಿರುವ’ ನೆನಪಿರಲಿ. ತುಂಬಿದ ಕೊಡ ತುಳುಕುವುದಿಲ್ಲ ಅಲ್ವಾ? ಮಾತುಮಾತಿಗೂ ಅಬ್ಬರಿಸಿ ನಗುವವನು ಬರೀ ತುಳುಕುತ್ತಿರುತ್ತಾನೆ.

1963ರ ಜೇಮ್ಸ್ ಬಾಂಡ್ ಸಿನಿಮಾ ‘ಫ್ರಮ್ ರಷ್ಯಾ ವಿತ್ ಲವ್’ನಲ್ಲಿ ವಿಲನ್ ಬ್ಲೋಫೆಲ್ಡ್‌ನ ಮುಖವನ್ನೇ ತೋರಿಸುವುದಿಲ್ಲ. ಬಿಳಿ ಬೆಕ್ಕನ್ನು ಸವರುವ ಕೈ, ಒಂದು ದನಿ, ಅಷ್ಟೇ. ಪ್ಲಾನ್ ಕೆಟ್ಟಿದ್ದಕ್ಕೆ ತನ್ನ ಕಡೆಯ ಒಬ್ಬ ಹೆಂಗಸು, ಒಬ್ಬ ಗಂಡಸನ್ನು ಎದುರಿಗೆ ಕರೆಸುತ್ತಾನೆ. ತಪ್ಪು ಆ ಹೆಂಗಸಿನದೇ ಅನ್ನುವ ಹಾಗೆ ಮಾತು ಸಾಗುತ್ತದೆ. ಬ್ಲೋಫೆಲ್ಡ್‌ನ ಆಳೊಬ್ಬನ ಬೂಟಿನ ತುದಿಯ ವಿಷದ ಚೂರಿ ತಗಲುವುದು ಮಾತ್ರ ಪಕ್ಕದ ಗಂಡಸಿಗೆ. ಅವನು ಸತ್ತ ಮೇಲೆ ಬ್ಲೋಫೆಲ್ಡ್‌ಗೆ ಇರುವ ಚಿಂತೆ ಒಂದೇ: 12 ಸೆಕೆಂಡ್ ಹಿಡಿಯಿತು, ಇನ್ನೂ ಬೇಗ ಕೊಲ್ಲುವ ವಿಷ ಬೇಕು. ದನಿ ಒಂಚೂರೂ ಏರುವುದಿಲ್ಲ. ಖತರ್ನಾಕ್ ಅಂದರೆ ಇದು. 1967ರ ‘ಯೂ ಓನ್ಲಿ ಲಿವ್ ಟ್ವೈಸ್’ನಲ್ಲಿ ಅದೇ ಬ್ಲೋಫೆಲ್ಡ್‌ನ ಮುಖ ತೋರಿಸಿದರು, ಗಾಯದ ಗುರುತಿನ ಸಮೇತ. ಅಲ್ಲಿಗೆ ನನ್ನ ಅರ್ಧ ಭಯ ಹೋಯಿತು.

2006ರ ಬಾಂಡ್ ಸಿನಿಮಾ ‘ಕ್ಯಾಸಿನೊ ರಾಯಲ್’ನ ವಿಲನ್ ಲೆ ಶಿಫ್ರ್‌ಗೆ ಲುಕ್ಕೂ ಇದೆ, ಕಣ್ಣಿಂದ ರಕ್ತ ಒಸರುತ್ತದೆ. ಅದು ಕಣ್ಣೀರಿನ ನಾಳದ ತೊಂದರೆ ಅಷ್ಟೇ ಅಂತ ಅವನೇ ಹೇಳಿಬಿಡುತ್ತಾನೆ. ಅವನ ಅಪಾಯ ಇರುವುದು ಬೇರೆ ಕಡೆ. ಕೊಲೆಗೆ ಹೇಸದ ಜನ ನಂಬಿ ಕೊಟ್ಟ ದುಡ್ಡನ್ನು ಕಳೆದುಕೊಂಡಿದ್ದಾನೆ. ಇಸ್ಪೀಟಿನಲ್ಲಿ ಅದನ್ನು ಗೆಲ್ಲದಿದ್ದರೆ ಜೀವ ಉಳಿಯುವುದಿಲ್ಲ. ಇನ್‌ಹೇಲರ್ ಎಳೆದುಕೊಳ್ಳುತ್ತಾ ಎಲೆ ಹಿಡಿದು ಕೂತ ಆ ಮನುಷ್ಯ ಇನ್ನು ಯಾವುದಕ್ಕೂ ಹಿಂದೆ ಮುಂದೆ ನೋಡುವುದಿಲ್ಲ. ಇಂಥವನಿಗೆ ಖತರ್ನಾಕ್ ಅನ್ನಿ. ಪೋಸ್ಟರ್‌ನವನಿಗೆ ‘ರಗಡ್’ ಸಾಕು.