ಹಿರಿಯರು ರಿಟೈರ್‌ಮೆಂಟ್ ಕಮ್ಯುನಿಟಿಗೆ ಹೋಗುವುದೇಕೆ? ಅಧ್ಯಯನ ಟಿಪ್ಪಣಿ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ರಿಟೈರ್‌ಮೆಂಟ್ ಕಮ್ಯುನಿಟಿ ಅಂದರೆ ಹಿರಿಯರಿಗೆಂದೇ ಕಟ್ಟಿದ ಮನೆಗಳ ಸಮುಚ್ಚಯ, ವೃದ್ಧಾಶ್ರಮ ಅಲ್ಲ. ಇಲ್ಲಿಗೆ ಬರುವವರು ಸಾಮಾನ್ಯವಾಗಿ ಓಡಾಡಿಕೊಂಡು ಇರುವವರೇ. ಮನೆ, ಅಡುಗೆಮನೆ, ಬಾಗಿಲ ಬೀಗದ ಕೈ ಎಲ್ಲ ಅವರದೇ.

ಈ ಪಾಠಕ್ಕೆ ಬುನಾದಿ ಸಮಾಜಶಾಸ್ತ್ರಜ್ಞ ಎವರೆಟ್ ಲೀ 1966ರಲ್ಲಿ ವಲಸೆಗೆ ಕೊಟ್ಟ ವಿವರಣೆ. ಇರುವ ಜಾಗದಿಂದ ತಳ್ಳುವ ಕಾರಣಗಳು, ಹೊಸ ಜಾಗಕ್ಕೆ ಸೆಳೆಯುವ ಕಾರಣಗಳು, ನಡುವಿನ ಅಡ್ಡಿಗಳು. ಸೆಳೆಯುವಂಥವು ಗೊತ್ತಿರುವವೇ: ಓರಗೆಯವರ ಒಡನಾಟ, ಭದ್ರತೆ, ಕರೆದರೆ ಬರುವ ನರ್ಸ್. ಜಾಹೀರಾತಿನಲ್ಲಿ ಕಾಣುವುದೂ ಇವೇ.

ತಳ್ಳುವ ಕಾರಣಗಳು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಕಾಯಿಲೆಯೇ ಬರಬೇಕೆಂದಿಲ್ಲ. ಮಂಡಿ ನೋವಿಗೆ ಮಹಡಿ ಹತ್ತುವುದು ನಿಲ್ಲುತ್ತದೆ, ಮೇಲಿನ ಕೋಣೆಗೆ ಬೀಗ ಬೀಳುತ್ತದೆ. ಬಲ್ಬ್ ಹೋದರೆ ಸ್ಟೂಲ್ ಹತ್ತಲು ಭಯ, ಅದೊಂದಕ್ಕೆ ಯಾರನ್ನೋ ಕಾಯಬೇಕು. ಕತ್ತಲಾದ ಮೇಲೆ ಕಾರು ತೆಗೆಯುವುದಿಲ್ಲ. ಮನೆ ಇದ್ದ ಹಾಗೇ ಇದೆ, ಮೈ ಮಾತ್ರ ಮೊದಲಿನಂತಿಲ್ಲ. ಮುಪ್ಪಿನ ಬಗ್ಗೆ ಅಧ್ಯಯನ ಮಾಡಿದ ಲಾಟನ್ ಮತ್ತು ನಹೆಮೊ 1973ರಲ್ಲಿ ವಿವರಿಸಿದ್ದು ಇದನ್ನೇ: ಶಕ್ತಿ ಕುಗ್ಗಿದಷ್ಟೂ ಸುತ್ತಲಿನ ಸಣ್ಣ ತೊಡಕೂ ಜಾಸ್ತಿ ಕಾಡುತ್ತದೆ. ಸಂಗಾತಿ ತೀರಿಕೊಂಡರಂತೂ ಇಬ್ಬರು ಹಂಚಿಕೊಂಡಿದ್ದ ಕೆಲಸವೆಲ್ಲ ಒಬ್ಬರ ತಲೆಗೆ ಬರುತ್ತದೆ.

ಇನ್ನು ಸಮಾಜಶಾಸ್ತ್ರಜ್ಞರಾದ ಲಿಟ್ವಾಕ್ ಮತ್ತು ಲಾಂಜಿನೊ, 1987. ಇವರ ಪ್ರಕಾರ ಮುಪ್ಪಿನಲ್ಲಿ ಮನೆ ಬದಲಿಸುವುದು ಮೂರು ಥರ. ನಿವೃತ್ತಿಯಾದ ಹೊಸದರಲ್ಲಿ ಹಾಯಾಗಿರಲು ಹೋಗುವುದು ಒಂದು. ದಿನನಿತ್ಯದ ಕೆಲಸ ಕಷ್ಟವಾದಾಗ ಮಕ್ಕಳ ಹತ್ತಿರಕ್ಕೆ ಹೋಗುವುದು ಎರಡನೆಯದು. ಮನೆಯವರ ಕೈಯಲ್ಲೂ ನೋಡಿಕೊಳ್ಳಲು ಆಗದಿದ್ದಾಗ ಆರೈಕೆ ಕೇಂದ್ರ ಸೇರುವುದು ಮೂರನೆಯದು.

ಕೆಲವು ಕಮ್ಯುನಿಟಿಗಳಲ್ಲಿ ಸ್ವತಂತ್ರ ಮನೆಯಿಂದ ಪೂರ್ತಿ ಶುಶ್ರೂಷೆಯವರೆಗೆ ಎಲ್ಲ ಒಂದೇ ಆವರಣದಲ್ಲಿ ಸಿಗುತ್ತದೆ. ಗಟ್ಟಿಯಾಗಿರುವಾಗಲೇ ಇಂಥ ಕಡೆ ಸೇರಿದರೆ, ಮುಂದೆ ಎಲ್ಲಿ ಇರಬೇಕೆಂದು ಮಕ್ಕಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತೀರ್ಮಾನಿಸುವ ಪರಿಸ್ಥಿತಿ ಬರುವುದಿಲ್ಲ. ‘ಮಕ್ಕಳಿಗೆ ಹೊರೆಯಾಗಬಾರದು’ ಎನ್ನುವ ಮಾತನ್ನು ನಾವು ಸುಮ್ನೆ ತ್ಯಾಗ ಅಂದುಕೊಳ್ಳುತ್ತೇವೆ. ನನಗೆ ಅದರಲ್ಲಿ ‘ನನ್ನ ವಿಷಯ ನಾನೇ ನಿರ್ಧರಿಸಬೇಕು’ ಎನ್ನುವ ಹಟವೂ ಕಾಣುತ್ತದೆ. ಮನಶ್ಶಾಸ್ತ್ರಜ್ಞರಾದ ಲ್ಯಾಂಗರ್ ಮತ್ತು ರೋಡಿನ್ 1976ರಲ್ಲಿ ಒಂದು ನರ್ಸಿಂಗ್ ಹೋಮ್‌ನಲ್ಲಿ ಇದಕ್ಕೆ ಹತ್ತಿರದ್ದನ್ನೇ ಕಂಡರು. ಗಿಡವೊಂದನ್ನು ತಾವೇ ಆರಿಸಿ ನೋಡಿಕೊಳ್ಳುವಂಥ ಸಣ್ಣಪುಟ್ಟ ತೀರ್ಮಾನ ಕೈಗೆ ಸಿಕ್ಕ ಹಿರಿಯರು ಹೆಚ್ಚು ಲವಲವಿಕೆಯಿಂದ ಇದ್ದರು.

ಕೊನೆಗೆ ಲೀ ಹೇಳಿದ ಅಡ್ಡಿಗಳು. ಇಲ್ಲಿ ಮುಖ್ಯವಾದದ್ದು ದುಡ್ಡು. ಹಲವರು ಹಳೆ ಮನೆ ಮಾರಿಯೇ ಪ್ರವೇಶದ ಹಣ ಹೊಂದಿಸುತ್ತಾರೆ. ಬಾಡಿಗೆ ಮನೆಯಲ್ಲೇ ಮುದುಕರಾದವರಿಗೂ ಮಂಡಿ ನೋವು ಇದ್ದೇ ಇರುತ್ತದೆ, ಅಲ್ವಾ? ಮಾರಲು ಮನೆ ಇರುವುದಿಲ್ಲ.