ಕ್ರ್ಯಾಶ್ ಡಂಪ್: ರೂಟರ್ ಬಿದ್ದಾಗ ಬರೆದಿಟ್ಟು ಹೋಗುವ ಫೈಲು

ಸಾಫ್ಟ್‌ವೇರ್ ಕೆಟ್ಟು ರೂಟರ್ ಬಿದ್ದುಹೋಗುವಾಗ, ರಿಬೂಟ್ ಆಗುವ ಮೊದಲು ಮೆಮೊರಿಯಲ್ಲಿ ಇದ್ದದ್ದನ್ನು ಒಂದು ಫೈಲಿಗೆ ಸುರಿಯುತ್ತದೆ. ಅದೇ ಕ್ರ್ಯಾಶ್ ಡಂಪ್. ಒಂದು ಬಗೆಯಲ್ಲಿ ರೂಟರ್ ತಾನೇ ಬರೆದುಕೊಂಡ ಮಹಜರು.

ಎಲ್ಲ ರಿಬೂಟ್‌ಗೂ ಇದು ಸಿಗುವುದಿಲ್ಲ. ಕರೆಂಟ್ ಹೋಗಿ ಬಂದಿದ್ದರೆ ಬರೆಯಲು ಸಮಯವೇ ಇರಲಿಲ್ಲ, ಅಲ್ವಾ? ಅದಕ್ಕೇ ಸಿಸ್ಕೊ ಕಂಪನಿಯ ರೂಟರ್‌ನಲ್ಲಿ ಮೊದಲು ‘ಶೋ ವರ್ಷನ್’ ಕಮಾಂಡ್ ಹೊಡೆದು ರಿಬೂಟ್‌ಗೆ ಕಾರಣ ಏನೆಂದು ನೋಡಬೇಕು. ‘ಪವರ್ ಆನ್’ ಅಂತ ಇದ್ದರೆ ಯುಪಿಎಸ್ ಕಡೆ ಹೋಗಿ. ‘ಬಸ್ ಎರರ್’ (ಮೆಮೊರಿ ಓದಲು ಹೋಗಿ ಆದ ತಪ್ಪು) ಅಂತ ಇದ್ದರೆ ಫೈಲ್ ಹುಡುಕಿ.

ಸಿಸ್ಕೊದಲ್ಲಿ ಎರಡು ಥರದ ಫೈಲ್ ಸಿಗುತ್ತವೆ. ಕ್ರ್ಯಾಶ್‌ಇನ್ಫೋ ಚಿಕ್ಕದು. ಕೊನೆಯ ಲಾಗ್ ಸಾಲುಗಳು, ಸ್ಟ್ಯಾಕ್ ಟ್ರೇಸ್ (ಬೀಳುವಾಗ ಕೋಡ್‌ನ ಯಾವ ಜಾಗದಲ್ಲಿತ್ತು ಎಂಬ ಜಾಡು) ಎಲ್ಲ ಅದರಲ್ಲಿರುತ್ತವೆ, ನಾವೇ ತೆರೆದು ಓದಬಹುದು. ಕೋರ್ ಡಂಪ್ ದೊಡ್ಡದು, ಮೆಮೊರಿಯ ನಕಲೇ. ಅದನ್ನು ಬಿಡಿಸಿ ನೋಡುವುದು ಕಂಪನಿಯ ಸಪೋರ್ಟ್‌ನವರ ಕೆಲಸ. ಸಿಸ್ಕೊ ರೂಟರ್‌ಗಳ ಸಾಫ್ಟ್‌ವೇರ್ ಆದ ಐಒಎಸ್‌ನ ಹಳೆಯ ರೂಪದಲ್ಲಿ ಕೋರ್ ಡಂಪನ್ನು ಬೇರೆ ಸರ್ವರ್‌ಗೆ ಕಳಿಸುವಂತೆ ಮೊದಲೇ ಹೇಳಿಡಬೇಕು. ಫೈಲ್ ಕಳಿಸುವ ಸರಳ ವಿಧಾನವಾದ ಟಿಎಫ್‌ಟಿಪಿ ಇಲ್ಲಿ ಬೇಡ, ಅದರಲ್ಲಿ ಮೊದಲ 16 ಎಂಬಿ ಮಾತ್ರ ಹೋಗುತ್ತದೆ. ಎಫ್‌ಟಿಪಿ ಹಾಕಿ. ಐಒಎಸ್‌ನ ಹೊಸ ರೂಪವಾದ ಐಒಎಸ್ ಎಕ್ಸ್‌ಇಯಲ್ಲಾದರೆ ಬೂಟ್‌ಫ್ಲ್ಯಾಶ್ (ರೂಟರ್ ಒಳಗಿನ ಸ್ಟೋರೇಜ್) ಅಥವಾ ಹಾರ್ಡ್‌ಡಿಸ್ಕ್‌ನ ‘ಕೋರ್’ ಫೋಲ್ಡರ್ ನೋಡಿ.

ಇನ್ನೊಂದು ಕಂಪನಿ ಜುನಿಪರ್‌ನ ರೂಟರ್‌ಗಳ ರೀತಿ ಸ್ವಲ್ಪ ಬೇರೆ. ಅಲ್ಲಿ ರೂಟಿಂಗ್ ನೋಡಿಕೊಳ್ಳುವ ‘ಆರ್‌ಪಿಡಿ’ ಎಂಬ ಪ್ರೋಗ್ರಾಮ್ ಒಂದೇ ಸತ್ತು ಮತ್ತೆ ಏಳಬಹುದು. ರೂಟರ್ ರಿಬೂಟ್ ಆಗಿರುವುದಿಲ್ಲ, ಬಿಜಿಪಿ ಸೆಷನ್‌ಗಳು (ದಾರಿಗಳ ಮಾಹಿತಿ ಹಂಚಿಕೊಳ್ಳಲು ಬೇರೆ ರೂಟರ್‌ಗಳ ಜೊತೆ ಇರುವ ಸಂಪರ್ಕ) ಮಾತ್ರ ಬಿದ್ದು ಎದ್ದಿರುತ್ತವೆ. ‘ಶೋ ಸಿಸ್ಟಮ್ ಕೋರ್-ಡಂಪ್ಸ್’ ಹೊಡೆಯದಿದ್ದರೆ ಗೊತ್ತೇ ಆಗುವುದಿಲ್ಲ.

ತೊಂದರೆ ಬರುವುದು ಜಾಗದ ವಿಷಯದಲ್ಲಿ. ಅಪ್‌ಗ್ರೇಡ್ ಮಾಡಲು ಹೋದರೆ ಫ್ಲ್ಯಾಶ್ ಫುಲ್. ಕೈಗೆ ಮೊದಲು ಸಿಗುವುದು ಇದೇ ಹಳೆ ಡಂಪ್‌ಗಳು, ಸುಮ್ನೆ ಅಳಿಸಿಬಿಡುತ್ತಾರೆ. ಮಾರನೇ ವಾರ ಅದೇ ರೂಟರ್ ಮತ್ತೆ ಬಿದ್ದಾಗ ಸಪೋರ್ಟ್‌ನವರು ಹಿಂದಿನ ಫೈಲ್ ಕೇಳುತ್ತಾರೆ! ನನ್ನ ಪ್ರಕಾರ ಮೊದಲು ಹೊರಗೆ ಕಾಪಿ, ಸೈಜ್ ತಾಳೆ, ಆಮೇಲೆ ಡಿಲೀಟ್. ಎಫ್‌ಟಿಪಿ ಕ್ಲೈಂಟ್‌ನಲ್ಲಿ ಎಳೆದುಕೊಳ್ಳುವುದಾದರೆ ಬೈನರಿ ಮೋಡ್ (ಫೈಲನ್ನು ಇದ್ದ ಹಾಗೇ ಕಳಿಸುವ ಬಗೆ) ಇರಲಿ. ಅಕ್ಷರದ ಫೈಲ್‌ಗಳಿಗಾಗಿ ಇರುವ ಆಸ್ಕಿ ಮೋಡ್‌ನಲ್ಲಿ ಬಂದ ಕೋರ್ ಫೈಲ್ ಹಾಳಾದ ಹಾಗೇ. ಜೊತೆಗೆ ಆಗ ಓಡುತ್ತಿದ್ದ ಸಾಫ್ಟ್‌ವೇರ್ ವರ್ಷನ್ ಬರೆದಿಡಿ. ಸ್ಟ್ಯಾಕ್ ಟ್ರೇಸ್‌ನ ಅಂಕಿಗಳಿಗೆ ಅರ್ಥ ಸಿಗುವುದು ಅದೇ ಸಾಫ್ಟ್‌ವೇರ್ ಇಮೇಜ್ (ರೂಟರ್ ಓಡಿಸುತ್ತಿದ್ದ ಫೈಲ್) ಎದುರಿಗಿದ್ದರೆ ಮಾತ್ರ.

ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸಮಯ ಸರಿಮಾಡಿಕೊಳ್ಳುವ ವ್ಯವಸ್ಥೆ) ಇಲ್ಲದ ಕೆಲವು ಹಳೆ ಸಿಸ್ಕೊ ಪೆಟ್ಟಿಗೆಗಳ ಗಡಿಯಾರ ಪ್ರತಿ ಸಲ ಬೂಟ್ ಆದಾಗ 1993ರ ಮಾರ್ಚ್ 1ರಿಂದ ಶುರುವಾಗುತ್ತದೆ. ಫೈಲಿನ ಹೆಸರಿನಲ್ಲೂ ಅದೇ ಕಾಲದ ತಾರೀಖು ಬಿದ್ದರೆ, ಯಾವುದು ನಿನ್ನೆಯದು, ಯಾವುದು ಹೋದ ವರ್ಷದ್ದು ಅಂತ ಬೇರೆ ಮಾಡುವುದು ಕಷ್ಟ.

ಇನ್ನೊಂದು ಮಾತು. ಮೆಮೊರಿಯ ನಕಲು ಅಂದಮೇಲೆ ಪಾಸ್‌ವರ್ಡ್, ಎಸ್‌ಎನ್‌ಎಂಪಿ ಕಮ್ಯುನಿಟಿ (ರೂಟರ್‌ ಮೇಲೆ ನಿಗಾ ಇಡುವ ವ್ಯವಸ್ಥೆಯ ಗುಟ್ಟಿನ ಪದ), ವಿಪಿಎನ್ ಕೀಗಳೂ ಅದರಲ್ಲಿ ಇರಬಹುದು. ಟೀಮಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವ ಫೈಲ್ ಅಲ್ಲ ಇದು. ಸಪೋರ್ಟ್ ಕೇಸ್‌ಗೇ ನೇರವಾಗಿ ಅಪ್‌ಲೋಡ್ ಮಾಡಿ.

ಅಳಿಸುವಾಗಲೂ ಸ್ವಲ್ಪ ನೋಡಿಕೊಳ್ಳಿ. ಜುನಿಪರ್‌ನ ‘ಸ್ಟೋರೇಜ್ ಕ್ಲೀನಪ್’ ಏನೇನು ಹೋಗುತ್ತದೆ ಎಂದು ಪಟ್ಟಿ ಕೊಟ್ಟು ಕೇಳುತ್ತದೆ, ಓದಿ ‘ಯೆಸ್’ ಅನ್ನಿ. ಕೆಲವು ಹಳೆ ಸಿಸ್ಕೊ ಫ್ಲ್ಯಾಶ್‌ಗಳಲ್ಲಿ ‘ಡಿಲೀಟ್’ ಹೊಡೆದರೆ ಫೈಲಿಗೆ ಗುರುತು ಬೀಳುತ್ತದೆ ಅಷ್ಟೇ, ‘ಸ್ಕ್ವೀಝ್’ ಹೊಡೆದ ಮೇಲೆಯೇ ಜಾಗ ಖಾಲಿಯಾಗುವುದು.