ಗೊಬ್ಬರ ಇದ್ದರೂ ಗಿಡ ಯಾಕೆ ಹಳದಿ?

ಸಾವಯವ ರೈತರೊಬ್ಬರು ಹೊಲಕ್ಕೆ ಧಾರಾಳವಾಗಿ ಕೊಟ್ಟಿಗೆ ಗೊಬ್ಬರ ಹಾಕಿದ್ದಾರೆ. ನೀರಿಗೂ ತೊಂದರೆ ಇಲ್ಲ. ಆದರೂ ಮಣ್ಣು ಇನ್ನೂ ತಣ್ಣಗಿರುವಾಗಲೇ ನೆಟ್ಟ ಎಲೆಕೋಸಿನ ಸಸಿ ಹಳದಿ ತಿರುಗಿ, ಮೇಲೇಳದೆ ಸುಮ್ನೆ ನಿಂತುಬಿಡುತ್ತದೆ. ಪಕ್ಕದ ಹೊಲದಲ್ಲಿ ಯೂರಿಯಾ ಉಂಡ ಸಸಿ ಮಾತ್ರ ಹಸಿರಾಗಿದೆ.

ವ್ಯತ್ಯಾಸ ಇರುವುದು ಎಲೆಯನ್ನು ಹಸಿರಾಗಿಡುವ ಸಾರಜನಕ ಸಿಗುವ ವೇಗದಲ್ಲಿ. ಯೂರಿಯಾದಲ್ಲಿ 46% ಸಾರಜನಕ ಇದೆ. ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಅದು ಬೇರಿಗೆ ಎಟಕುವ ರೂಪಕ್ಕೆ ಬರುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿರುವುದು ಸುಮಾರು 0.5% ಅಷ್ಟೇ. ಅದರಲ್ಲೂ ಬಹುಪಾಲು ದೊಡ್ಡ ದೊಡ್ಡ ಅಣುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸಿ ಕೊಡಬೇಕಾದವು ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ಮಣ್ಣಿನ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿದರೆ ಅವುಗಳ ಕೆಲಸ ತೀರಾ ನಿಧಾನ. ಅಲ್ಲಿಂದ 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮಣ್ಣು ಒಣಗಿದರೂ, ನೀರು ನಿಂತರೂ ಕೆಲಸ ಕೆಡುತ್ತದೆ.

ಸಾವಯವ ರೈತರು ಋತುವಿಗೆ ಅಷ್ಟೊಂದು ಕಟ್ಟುಬೀಳುವುದು ಇದಕ್ಕೇ. ಸರಿಯಾದ ಕಾಲದಲ್ಲಿ ಬಿತ್ತಿದರೆ ಗಿಡಕ್ಕೆ ಹಸಿವಾಗುವ ಹೊತ್ತಿಗೆ ಮಣ್ಣಿನಲ್ಲಿ ಅಡುಗೆಯೂ ಆಗಿರುತ್ತದೆ. ಕಾಲ ತಪ್ಪಿದರೆ ಮತ್ತೊಂದು ಗಾಡಿ ಗೊಬ್ಬರ ಸುರಿದರೂ ಪ್ರಯೋಜನ ಕಡಿಮೆ.

ಸಾರಜನಕಕ್ಕೆ ಇನ್ನೊಂದು ದಾರಿಯೂ ಇದೆ. ಹೂ ಬಿಡುವ ಹೊತ್ತಿನಲ್ಲಿ ಒಂದು ಬಟಾಣಿ ಗಿಡವನ್ನು ಬೇರು ಹರಿಯದ ಹಾಗೆ ಎತ್ತಿ ನೋಡಿ. ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ ಕಂಡರೆ ಅಲ್ಲಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ ಎಂದರ್ಥ. ಹಸಿರೋ ಬೂದಿಯೋ ಆಗಿದ್ದರೆ ಕೆಲಸ ನಡೆಯುತ್ತಿಲ್ಲ. ಗುಲಾಬಿ ಬಣ್ಣ ಬರುವುದು ಗಂಟಿನೊಳಗಿನ ಪ್ರೋಟೀನ್ ಆದ ಲೆಗ್‌ಹೀಮೋಗ್ಲೋಬಿನ್‌ನಿಂದ. ನಮ್ಮ ರಕ್ತದ ಹೀಮೋಗ್ಲೋಬಿನ್‌ಗೆ ಅದು ಹತ್ತಿರದ ನೆಂಟ! ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ. ಲೆಗ್‌ಹೀಮೋಗ್ಲೋಬಿನ್ ಆ ಆಮ್ಲಜನಕವನ್ನು ಹಿಡಿದಿಟ್ಟು, ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಬೇಕಾದಷ್ಟನ್ನೇ ಬಿಟ್ಟುಕೊಡುತ್ತದೆ. ಪ್ರಯೋಗಾಲಯ ಬೇಡ, ಉಗುರು ಸಾಕು.

ಗೊಬ್ಬರಕ್ಕೂ ಯೂರಿಯಾಕ್ಕೂ ಬಗ್ಗದ ಸಂಗತಿಗಳೂ ಇವೆ. ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಟೊಮೆಟೊದ ಪರಾಗ ಸೊರಗಿ ಹೂ ಉದುರುತ್ತದೆ. ಹಗಲು ಉದ್ದವಾದರೆ ಸ್ಪಿನಾಚ್ ಸೊಪ್ಪು ಎಲೆ ಬಿಡುವುದನ್ನು ಬಿಟ್ಟು ಹೂವಿನ ಕಡ್ಡಿ ಎತ್ತುತ್ತದೆ. ಗಿಡಗಳು ಹೀಗೆ ಹಗಲಿನ ಉದ್ದ ನೋಡಿ ಹೂ ಬಿಡುತ್ತವೆ ಎಂದು 1920ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ ತಂಬಾಕು, ಸೋಯಾ ಗಿಡಗಳಲ್ಲಿ ತೋರಿಸಿಕೊಟ್ಟರು.

ಕೀಟಗಳಿಗೂ ಒಂದು ಲೆಕ್ಕ ಇದೆ. ಅವುಗಳ ಬೆಳವಣಿಗೆ ಹೊರಗಿನ ಬಿಸಿಯನ್ನು ಅವಲಂಬಿಸಿರುತ್ತದೆ. ಹಾಗಾಗಿ ಅವು ಏಳುವ ಹೊತ್ತನ್ನು ಅನುಭವಿ ರೈತರು ಬಲ್ಲರು. ಬಿತ್ತನೆಯನ್ನು ಸ್ವಲ್ಪ ಹಿಂದೆಮುಂದೆ ಮಾಡಿದರೆ ಎಳೆ ಗಿಡ ಅವುಗಳ ಬಾಯಿಗೆ ಬೀಳುವುದು ತಪ್ಪುತ್ತದೆ. ಹಾಗಂತ ಸಾವಯವ ಎಂದರೆ ಏನೂ ಸಿಂಪಡಿಸುವುದೇ ಇಲ್ಲ ಅಂತಲ್ಲ. ಬೇವಿನೆಣ್ಣೆ, ಹುಳುಗಳನ್ನು ಕೊಲ್ಲುವ ಬಿಟಿ ಬ್ಯಾಕ್ಟೀರಿಯಾದ ಪುಡಿ ಇವೆಲ್ಲ ಬಳಕೆಯಲ್ಲಿವೆ. ಸಾವಯವ ತರಕಾರಿಯಲ್ಲಿ ವಿಟಮಿನ್ ತುಂಬಾ ಜಾಸ್ತಿ ಎಂಬ ಮಾತಿಗೂ ಗಟ್ಟಿ ಆಧಾರ ಸಾಲದು. ಕೃತಕ ಕೀಟನಾಶಕದ ಉಳಿಕೆ ಕಡಿಮೆ ಎನ್ನುವುದು ಮಾತ್ರ ನಿಜ. ಇಳುವರಿಯೂ ಸಾಮಾನ್ಯವಾಗಿ ಕಡಿಮೆಯೇ.

ಬಟಾಣಿ ಕೊಯ್ಲಾದ ಮೇಲೆ ಬೇರುಗಳನ್ನು ಕೀಳದೆ ಮಣ್ಣಿನಲ್ಲೇ ಕೊಳೆಯಲು ಬಿಡುತ್ತಾರೆ. ಕಾಳಿನ ಜೊತೆ ಸಾಕಷ್ಟು ಸಾರಜನಕ ಹೊರಗೆ ಹೋಗಿರುತ್ತದೆ, ನಿಜ. ಉಳಿದದ್ದನ್ನು ಅದೇ ಸಾಲಿನಲ್ಲಿ ನೆಟ್ಟ ಸೊಪ್ಪೋ ಕೋಸೋ ಹೀರಿಕೊಳ್ಳುತ್ತದೆ. ಅದು ಮುಗಿದ ಮೇಲೆ ಅಷ್ಟು ಸಾರಜನಕ ಕೇಳದ ಕ್ಯಾರೆಟ್‌ನ ಸರದಿ.